ಅರ್ಧ ಹೆರೆದ ತಂತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆವತ್ತು ಬೆಳಿಗ್ಗೆ ಅಣ್ಣ ಸತ್ತೇಗಾಲದಿಂದ ಲಗೇಜ್ ಆಟೋದಲ್ಲಿ ತನ್ನ ಬಾವಿಯ ಪಂಪ್ ಮೋಟಾರನ್ನೇ ಹೇರಿಕೊಂಡು ಬಂದು ಕೊಳ್ಳೇಗಾಲದ ನನ್ನ ಮೋಟಾರು ರಿಪೇರಿ ಅಂಗಡಿಯ ಮುಂದೆ ಇಳಿದಾಗ, ಏನೋ ಸುಟ್ಟಿದೆ ಎಂದುಕೊಂಡೆ. ಸುಟ್ಟಿರಲಿಲ್ಲ. ಮೋಟಾರು ಚೆನ್ನಾಗಿಯೇ ಇತ್ತು. ಜೊತೆಗೆ ಹನೂರಿನ ಗುಜರಿಯಲ್ಲಿ ಹುಡುಕಿ ತಂದ ಹಳೇ ಡೈನಮೋ ಒಂದು.

“ಇಂದ್ಗಡೆ ಫ್ಯಾನ್ ತಗ್ದು, ಶಾಫ್ಟ್ ಕುಯ್ದು, ಈ ಡೈನಮೋ ಜೋಡ್ಸವ್ವ. ಮೋಟ್ರು ಡೈನಮೋನ ತಿರುಗುಸ್ತದೆ, ಡೈನಮೋ ಮೋಟ್ರಿಗೆ ಕರೆಂಟು ಕೊಡ್ತದೆ. ಒಂದ್ಸಲ ತಿರುಗ್ಸುದ್ರೆ ಮುಗೀತು, ನಿಲ್ಲಾದೇ ಇಲ್ಲ.”

ಫೋನು ತೆಗೆದು ವಿಡಿಯೋ ತೋರಿಸಿದ. ಅದರಲ್ಲಿ ಯಾರೋ ಒಬ್ಬ ಮೇಜಿನ ಮೇಲೆ ಇಂಥದ್ದೇ ಒಂದನ್ನು ಓಡಿಸುತ್ತಿದ್ದ. ಮೇಜಿಗೆ ನೆಲ ಮುಟ್ಟುವಂತೆ ಬಟ್ಟೆ ಹೊದಿಸಿತ್ತು.

“ಆ ಬಟ್ಟೆ ಎತ್ತಿ ನೋಡಣ್ಣ, ಅಲ್ಲೇ ಅದೆ ನಿನ್ ಕರೆಂಟು” ಎಂದು ಕಿರುಚಿದೆ.

“ನೀನು ಮಾಡ್ದೆ ಇದ್ರೆ ಬುಡು, ಯಳಂದೂರಲ್ಲಿ ಲೇತ್‌ನವ್ರು ಒಬ್ರು ಮಾಡ್ಕೊಡ್ತೀನಿ ಅಂದವ್ರೆ” ಎಂದ. ಆಟೋದವನಿಗೆ ನಾಲ್ಕು ಗಂಟೆಗೆ ವಾಪಸ್ ಬರಲು ಹೇಳಿಯೂ ಆಗಿತ್ತು.

ಅಪ್ಪ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸವನ್ನು ಕಲಿಸಿದ್ದು ನನಗೆ. ಅಣ್ಣನಿಗೆ ಸಿಕ್ಕಿದ್ದು ಜಮೀನು. ಅದಕ್ಕೇ ಇರಬೇಕು, ಮೋಟಾರಿನ ವಿಷಯದಲ್ಲಿ ನಾನು ಬಾಯಲ್ಲಿ ಹೇಳಿದ್ದು ಅವನ ತಲೆಗೆ ಇಳಿಯುವುದಿಲ್ಲ. ಆದರೆ ಫ್ಯಾನಿಲ್ಲದ ಮೋಟಾರು ಬಿಸಿಯಾಗಿ ಸುಡುತ್ತದೆ, ಕುಯ್ದ ಶಾಫ್ಟು ಮತ್ತೆ ಕೂಡುವುದಿಲ್ಲ. ಅಲ್ಲಿ ಗದ್ದೆಯಲ್ಲಿ ಕಬ್ಬು ಈಗಷ್ಟೇ ಮೊಳೆತು ನಿಂತಿತ್ತು. ನಾಲ್ಕು ಗಂಟೆಯೊಳಗೆ ಅಣ್ಣನ ಕಣ್ಣಿಗೆ ಕಾಣುವಂತೆ ತೋರಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

“ಮೋಟ್ರು ಯಾಕೆ ತಿರುಗ್ತದೆ ಅಂತ ಮೊದ್ಲು ನೋಡು. ಆಮೇಲೆ ಕುಯ್ಯವ” ಎಂದು ಸ್ಟೂಲು ಕೊಟ್ಟು ಕೂರಿಸಿದೆ.

ಟಾರ್ಚಿನ ಒಂದು ಸೆಲ್ ತೆಗೆದುಕೊಂಡೆ. ಅದರ ಎರಡೂ ತುದಿಗೆ ಒಂದೊಂದು ಸೇಫ್ಟಿ ಪಿನ್ ನಿಲ್ಲಿಸಿ ರಬ್ಬರ್ ಬ್ಯಾಂಡ್ ಬಿಗಿದೆ. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಮೇಲೆ ಕೂರಿಸಿದೆ. ವೈಂಡಿಂಗ್ ತಂತಿಯನ್ನು ಹೆಬ್ಬೆರಳಿಗೆ ಹತ್ತು ಸುತ್ತು ಸುತ್ತಿ, ಎರಡು ತುದಿಗಳನ್ನು ಆಚೆಈಚೆ ಚಾಚಿ, ಬ್ಲೇಡಿನಲ್ಲಿ ಹೆರೆದು ಪಿನ್ನುಗಳ ಕಣ್ಣಿಗೆ ತೂಗಿಹಾಕಿದೆ. ಮಕ್ಕಳ ಆಟದ ಮೋಟಾರು. ಬೆರಳಿನಿಂದ ತಳ್ಳಿದೆ.

ಅದು ಒಮ್ಮೆ ನಡುಗಿ, ಅತ್ತಿತ್ತ ಓಲಾಡಿ ನಿಂತಿತು.

ಇನ್ನೊಂದು ಸುರುಳಿ ಸುತ್ತಿದೆ. ಅದೂ ಹಾಗೇ. ಸೆಲ್ ಬದಲಿಸಿದೆ, ಅಯಸ್ಕಾಂತ ತಿರುಗಿಸಿಟ್ಟೆ. ಅಣ್ಣ ನಕ್ಕ. “ಜಿಲ್ಲೆಗೆಲ್ಲ ಮೋಟ್ರು ಸುತ್ಕೊಡೋಳು!” ಎಂದ. ನನ್ನ ಕಿವಿ ಬಿಸಿಯಾಯಿತು. ಊಟಕ್ಕೂ ಏಳಲಿಲ್ಲ. ಮೂರನೆಯ ಸುರುಳಿಗೆ ಕೈ ಹಾಕಿದೆ.

ಅಣ್ಣ ನಗುವುದನ್ನು ನಿಲ್ಲಿಸಿ ಬಗ್ಗಿ ನೋಡತೊಡಗಿದ್ದ. ಸುರುಳಿಯನ್ನು ತಾನೇ ನಿಧಾನವಾಗಿ ತಿರುಗಿಸಿದ. “ಅಲ್ಲ ಕಣವ್ವ, ಇದು ಮುಂದಕ್ಕೆ ನೂಕ್ತದೆ, ಅರ್ಧ ಸುತ್ತು ಆದ್ಮೇಲೆ ಅದೇ ಇಡ್ಕಂಡು ಇಂದಕ್ಕೆ ಎಳೀತದೆ. ಉಯ್ಯಾಲೆ ತಳ್ಳೋರು ವಾಪಸ್ ಬರುವಾಗ್ಲೂ ಕೈ ಅಡ್ಡ ಇಟ್ರೆ ಆದಾತಾ? ಅರ್ಧ ಸುತ್ತಿಗೆ ಬುಟ್ಬುಡು ಅದ್ನ.”

ನನಗೆ ನಾಚಿಕೆಯಾಯಿತು. ಅಂಗಡಿಯಲ್ಲಿ ತಂತಿಯ ಜಾಯಿಂಟು ಹಾಕುವಾಗ ಕರೆಂಟು ತಡೆಯುವ ತುದಿಯ ಎನಾಮೆಲ್ ಲೇಪವನ್ನು ಸುತ್ತಲೂ ಕನ್ನಡಿಯಂತೆ ಹೆರೆಯಬೇಕು. ಒಂದು ಕೂದಲೆಳೆ ಉಳಿದರೂ ಅಪ್ಪ ಬೈಯುತ್ತಿದ್ದರು. ಆ ಅಭ್ಯಾಸದಲ್ಲೇ ನನ್ನ ಕೈ ಮೂರೂ ಸಲ ಎರಡೂ ತುದಿಯನ್ನು ಪೂರ್ತಿ ಹೆರೆದಿತ್ತು. ಕರೆಂಟು ಒಂದು ಕ್ಷಣವೂ ಕೈಬಿಡದೆ ಸುರುಳಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ಹೊಸದೊಂದು ಸುತ್ತಿ, ಒಂದು ತುದಿಯನ್ನು ಪೂರ್ತಿ ಹೆರೆದು, ಇನ್ನೊಂದರಲ್ಲಿ ಮೇಲಿನ ಅರ್ಧ ಮಾತ್ರ ಹೆರೆದು, ಕೆಳಗಿನ ಅರ್ಧವನ್ನು ಹಾಗೇ ಬಿಟ್ಟೆ. ಅಣ್ಣ ಬೆರಳಿನಿಂದ ಮುಟ್ಟಿದ.

ಸುರುಳಿ ಸುಯ್ಯೆಂದು ತಿರುಗಿತು. ಅಣ್ಣ ಬಾಯಿ ತೆರೆದು ನೋಡುತ್ತಾ ಕೂತ. ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಈಗ ಅವನು ನನ್ನ ಮಾತು ಕೇಳುವ ಹದಕ್ಕೆ ಬಂದಿದ್ದ. ಅವನು ತಂದಿದ್ದ ಡೈನಮೋವನ್ನು ಬೆಂಚಿಗೆ ಕಟ್ಟಿ, ಹಿಡಿಯೊಂದನ್ನು ಸಿಕ್ಕಿಸಿ, ತಿರುಗಿಸು ಎಂದೆ. ಹಗುರವಾಗಿ ತಿರುಗಿತು. ಅವನು ತಿರುಗಿಸುತ್ತಿರುವಾಗಲೇ ಲಾರಿಯ ಬಲ್ಬೊಂದಕ್ಕೆ ತಂತಿ ತಾಗಿಸಿದೆ. ಬಲ್ಬು ಕೆಂಪಗೆ ಉರಿಯಿತು, ಅಣ್ಣನ ಭುಜ ಜಗ್ಗಿತು.

“ಯಾರೋ ಇಡ್ಕಂಡಂಗೆ ಆಯ್ತಲ್ಲ!”

“ಯಾರೂ ಇಡ್ಕಂಡಿಲ್ಲ. ಕರೆಂಟು ಕೇಳುದ್ರೆ ಡೈನಮೋ ಅಷ್ಟು ಬಲ ಕೇಳ್ತದೆ. ಮೋಟ್ರು ಕೊಟ್ಟಷ್ಟೂ ಅದು ವಾಪಸ್ ಕೊಡಾಕಿಲ್ಲ, ಬಿಸಿಯಾಗಿ ಒಂದಷ್ಟು ಕಳ್ಕತದೆ. ಇನ್ನು ನೀರೆತ್ತಕ್ಕೆ ಎಲ್ಲಿ ಉಳೀತದೆ?”

ಅವನು ಇನ್ನೂ ನಾಲ್ಕು ಸಲ ತಂತಿ ಬಿಟ್ಟು, ಹಾಕಿ, ತಿರುಗಿಸಿದ. ಪ್ರತಿ ಸಲವೂ ಭುಜ ಜಗ್ಗಿತು. ಆಮೇಲೆ ಪುಟ್ಟ ಮೋಟಾರಿನ ಹತ್ತಿರ ಬಂದು, ನಾನು ಹೇಳದೆಯೇ ಒಂದು ಪಿನ್ನನ್ನು ಸೆಲ್ಲಿನಿಂದ ಬಿಡಿಸಿದ. ಸುರುಳಿ ಒಂದೆರಡು ಸುತ್ತು ಉರುಳಿ ನಿಂತಿತು. ಫೋನನ್ನು ಜೇಬಿಗೆ ಹಾಕಿಕೊಂಡ.

ಗೆದ್ದೆ. ಆದರೆ ಅವನ ಮುಖ ಬಾಡಿತ್ತು. “ಯಾಕಣ್ಣ ಇದಕ್ಕೆ ಇಷ್ಟು ಆಸೆಪಟ್ಟೆ?” ಎಂದು ಆಗ ಕೇಳಿದೆ. ಬೆಳಿಗ್ಗೆಯೇ ಕೇಳಬೇಕಾಗಿದ್ದ ಮಾತು.

“ಕರೆಂಟು ಯಾವಾಗ ಬತ್ತದೋ ಗೊತ್ತಾಗಕಿಲ್ಲ. ಬಂದಾಗೆಲ್ಲ ಬಾವಿ ತಂಕ ಓಗಿ ಸ್ವಿಚ್ ಒತ್ಬೇಕು. ಮಂಡಿ ಎತ್ತಾಕೆ ಆಯ್ತಿಲ್ಲ ಕಣವ್ವ. ನಿಲ್ದೇ ಇರೋ ಮೋಟ್ರಾದ್ರೆ ಓಗೋದೇ ಬ್ಯಾಡ ಅಂತ.”

“ಅದಕ್ಕೆ ಆಟೋ ಸ್ಟಾರ್ಟರ್ ಇಲ್ವ? ಕರೆಂಟು ಬಂದ್ರೆ ಅದೇ ಆನ್ ಮಾಡ್ತದೆ!”

“ನೀನೇ ಬ್ಯಾಡ ಅಂದಿದ್ದೆ.” ಅಣ್ಣ ನೆಲ ನೋಡುತ್ತಾ ಹೇಳಿದ. “ಬಾವೀಲಿ ನೀರಿಲ್ದಾಗ ಓಡಿ ಸುಟ್ಟೋಯ್ತದೆ, ಅದ್ನ ಆಕ್ಸುದ್ರೆ ನನ್ ಅಂಗ್ಡಿ ಮೆಟ್ಲು ಅತ್ಬೇಡ ಅಂದಿದ್ದೆ.”

ಹೌದು, ಅಂದಿದ್ದೆ. ಎಷ್ಟೋ ವರ್ಷದ ಹಿಂದೆ, ಗಿರಾಕಿಗಳೆದುರು, ಯಾವುದೋ ಸಿಟ್ಟಿನಲ್ಲಿ. ನೀರು ಮುಗಿದರೆ ಮೋಟಾರನ್ನು ತಾನೇ ನಿಲ್ಲಿಸುವ ಆಟೋ ಸ್ಟಾರ್ಟರ್ ಪ್ಯಾನೆಲ್‌ಗಳು ಬಂದು ಬಹಳ ಕಾಲವಾಯಿತು. ಎಷ್ಟೋ ಜನಕ್ಕೆ ನಾನೇ ಹಾಕಿಕೊಟ್ಟಿದ್ದೇನೆ. ಮೋಟಾರಿನ ವಿಷಯದಲ್ಲಿ ಅಣ್ಣ ನನ್ನ ಒಂದೇ ಒಂದು ಮಾತನ್ನು ಕೇಳಿದ್ದ, ಅದೂ ಇದನ್ನೇ.

ನಾಲ್ಕು ಗಂಟೆಗೆ ಆಟೋ ಬಂತು. ಅಂಗಡಿಯ ಬಾಗಿಲು ಎಳೆದು, ಮೋಟಾರು, ಪ್ಯಾನೆಲ್, ನನ್ನ ಸಾಮಾನಿನ ಚೀಲ ಹೇರಿ, ನಾನೂ ಹತ್ತಿದೆ. ಪುಟ್ಟ ಮೋಟಾರನ್ನು ಅಣ್ಣ ಕೈಯಲ್ಲೇ ಹಿಡಿದುಕೊಂಡಿದ್ದ.

ಹೊತ್ತು ಮುಳುಗುವುದರೊಳಗೆ ಬಾವಿಯ ಹತ್ತಿರ ಎಲ್ಲ ಜೋಡಿಸಿ, ಮನೆಯ ಜಗಲಿಗೆ ಬಂದು ಕಾಫಿ ಲೋಟ ಹಿಡಿದಿದ್ದೆವು. ಕರೆಂಟು ಬಂತು. ದೂರದಲ್ಲಿ ಮೋಟಾರು ತಾನಾಗಿ ಗುಂಯ್ಗುಟ್ಟಿತು. ಅಣ್ಣ ಅಭ್ಯಾಸದಂತೆ ಲೋಟ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು ನಿಂತ.

“ಕೂತ್ಕೊ ಅಣ್ಣ” ಎಂದೆ.