ಖಾಡಿಯ ನೀರಿನೊಳಗಿನ ಬಡಿತ

ನಿಜ ಹೇಳಿಬಿಡುತ್ತೇನೆ, ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮುಖಕ್ಕೇ ನಗುವವಳು. ಕಿವಿಗೆ ಕೇಳಿದ್ದು ಯಂತ್ರಕ್ಕೂ ಕೇಳಬೇಕು, ಇಲ್ಲದಿದ್ದರೆ ಅದು ಸುಳ್ಳು ಎಂದು ವಾದಿಸುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಸರ ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಮುಂಬಯಿ ಪಕ್ಕದ ಠಾಣೆ ಊರಿನ ಒಂದು ಪುಟ್ಟ ಕಾಲೇಜಿನಲ್ಲಿ ಕಡಲ ವಿಜ್ಞಾನ ಓದುತ್ತಿದ್ದೆ. ಪುಟ್ಟದೆಂದರೆ ನಮ್ಮ ಇಡೀ ಕ್ಲಾಸು ಎರಡು ರಿಕ್ಷಾಗಳಲ್ಲಿ ಹಿಡಿಸುತ್ತಿತ್ತು. ಅಲ್ಲಿ ಪಾಠಕ್ಕಿಂತ ಕೆಸರೇ ಹೆಚ್ಚು. ನೀರು ಇಳಿದಾಗ ಖಾಡಿಗೆ, ಅಂದರೆ ಕಡಲು ಒಳನಾಡಿಗೆ ಚಾಚಿದ ಹಿನ್ನೀರಿಗೆ ಹೋಗಿ, ಮೊಣಕಾಲಿನವರೆಗೆ ಹೂತುಕೊಂಡು ಏಡಿ, ಹುಳು, ಚಿಪ್ಪು ಹುಡುಕುವುದು, ನಾರುವ ಬಟ್ಟೆಯಲ್ಲೇ ಲೋಕಲ್ ರೈಲು ಹತ್ತುವುದು. ಹೆಂಗಸರ ಡಬ್ಬಿಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಸರಿಯುತ್ತಿದ್ದರು. ಸಂಜೆಯ ಲೋಕಲ್‌ನಲ್ಲಿ ಆರಾಮವಾಗಿ ಸೀಟು ಸಿಗುವ ಸುಖ ನಮಗೆ ಮಾತ್ರ ಗೊತ್ತು! ಅಷ್ಟು ಖುಷಿಯ ದಿನಗಳು ನನಗೆ ಮತ್ತೆ ಬರಲಿಲ್ಲ.

ಅಪ್ಪನಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. ನಾನು ಹುಟ್ಟುವ ಮೊದಲೇ, ಮಲ್ಪೆಯ ಕಡೆ ಮೀನು ಹಿಡಿಯುತ್ತಿದ್ದ ಅಜ್ಜ ಒಂದು ದಿನ ದೋಣಿಯಲ್ಲಿ ಹೋದವರು ತಿರುಗಿ ಬರಲಿಲ್ಲ. ಅಪ್ಪ ಕಡಲಿಗೆ ಬೆನ್ನು ಹಾಕಿ ಬಂದು ಠಾಣೆಯ ನೌಪಾಡಾದ ಹೋಟೆಲೊಂದರ ಹಣದ ಗಲ್ಲೆಯಲ್ಲಿ ಕುಳಿತವರು. ಅಜ್ಜನ ಮಾತನ್ನು ಮನೆಯಲ್ಲಿ ಎತ್ತುತ್ತಲೇ ಇರಲಿಲ್ಲ. "ಕಡಲ್‌ದ ಸಾವಾಸ ನಂಕ್ ಬೊಡ್ಚಿ ಮಗಾ," ಕಡಲಿನ ಸಹವಾಸ ನಮಗೆ ಬೇಡ ಎಂದು ತುಳುವಿನಲ್ಲಿ ಗೋಗರೆದಿದ್ದರು. ಕೊನೆಗೊಂದು ಒಪ್ಪಂದವಾಯಿತು. ವರ್ಷ ಮುಗಿಯುವುದರೊಳಗೆ ನಾನು ಕಲಿತದ್ದನ್ನು ಅವರಿಗೆ ತೋರಿಸಬೇಕು. ಮನಸ್ಸಿಗೆ ಬಂದರೆ ಸರಿ, ಇಲ್ಲವಾದರೆ ಬಿ.ಕಾಂ.

ನಾನು ಆರಿಸಿಕೊಂಡದ್ದು ನೀರಿನೊಳಗಿನ ಸದ್ದು. ಡೊಂಬಿವಲಿಯಿಂದ ಬರುತ್ತಿದ್ದ ಗೆಳತಿ ಸಾಕ್ಷಿಯೂ ನಾನೂ ಸೇರಿ ಒಂದು ಮೈಕನ್ನು ಬಲೂನಿನೊಳಗೆ ಕಟ್ಟಿ, ಮೇಣ ಮೆತ್ತಿ, ಉದ್ದ ವೈರು ಹಾಕಿ ರೆಕಾರ್ಡರಿಗೆ ಜೋಡಿಸಿದ್ದೆವು. ಒಂದು ಮಧ್ಯಾಹ್ನ ಐರೋಲಿಯ ಕಡೆ, ನಮಗೆ ಪಾಠ ಹೇಳುವ ಮೇಡಂ ಜೊತೆ ಕ್ಲಾಸಿನವರೆಲ್ಲ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ದಾಟಿ, ಪಾದ ಮುಳುಗುವಷ್ಟು ನೀರಿದ್ದ ಕಾಲುವೆಯನ್ನೂ ದಾಟಿ, ಆಚೆಯ ಕೆಸರು ದಿಬ್ಬಕ್ಕೆ ಹೋದೆವು. ನೀರಿನ ಅಂಚಿನಲ್ಲಿ ಕುಳಿತು, ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಇಳಿಸಿದೆ.

ಅಬ್ಬಾ, ಎಂಥ ಗದ್ದಲ! ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ, ಚಟಪಟ. ಒಂದು ಜಾತಿಯ ಸೀಗಡಿ ಇಕ್ಕಳದಂಥ ತನ್ನ ದಪ್ಪ ಕೈಯನ್ನು ಪಟ್ಟನೆ ಮುಚ್ಚುವ ಸದ್ದು ಅದು. ನಾನು ಕುಳಿತಲ್ಲೇ ಕುಣಿಯುವುದೊಂದು ಬಾಕಿ.

ಆಗ ಆ ಚಟಪಟದ ನಡುವೆ ಇನ್ನೊಂದು ಸದ್ದು ಕೇಳಿತು. ಮರಕ್ಕೆ ಮರ ಬಡಿದಂತೆ. ಟಕ್, ಟಕ್, ಟಕಟಕಟಕ್. ತಲೆ ಎತ್ತಿ ನೋಡಿದೆ, ಒಂದೂ ದೋಣಿ ಇರಲಿಲ್ಲ. ಸಾಕ್ಷಿಗೆ ಹೆಡ್‌ಫೋನ್ ಕೊಟ್ಟರೆ ಅವಳಿಗೆ ಸೀಗಡಿ ಬಿಟ್ಟು ಏನೂ ಕೇಳಲಿಲ್ಲ. ನನ್ನ ಕಿವಿಗೆ ಹಾಕಿಕೊಂಡರೆ ಮತ್ತೆ ಅದೇ ಬಡಿತ, ಇನ್ನೂ ಜೋರಾಗಿ, ಯಾರೋ ಸಿಟ್ಟಿನಲ್ಲಿ ಬಡಿಯುತ್ತಿದ್ದಂತೆ. ವೈರೇ ಎಲ್ಲೋ ತಾಗುತ್ತಿದೆ ಎಂದುಕೊಂಡು ಮೈಕನ್ನು ಎಳೆದುಕೊಂಡು ಎದ್ದು ಹಿಂತಿರುಗಿದೆ. ಆಗ ಕಂಡಿತು, ಕಾಲುವೆ ಅಗಲವಾಗಿತ್ತು. ಅಷ್ಟು ಹೊತ್ತೂ ಎಲ್ಲರ ಬೆನ್ನು ಆ ಕಡೆಗಿತ್ತು.

"ಅಗಂ, ಪಾಣಿ ವಾಢ್ತಂಯ್!" ನೀರು ಏರುತ್ತಿದೆ ಎಂದು ಸಾಕ್ಷಿ ಮರಾಠಿಯಲ್ಲಿ ಕಿರುಚಿದಳು. ಸಾಮಾನು ಬಿಟ್ಟು ಓಡಿ ಎಂದು ಮೇಡಂ ಕೂಗಿದರು. ಕೆಸರಿನಲ್ಲಿ ಓಡುವುದೆಲ್ಲಿಂದ ಬಂತು! ಬಿದ್ದು, ಎದ್ದು, ಒಬ್ಬರ ಕೈ ಒಬ್ಬರು ಹಿಡಿದು ಎದೆಮಟ್ಟದ ನೀರಿನಲ್ಲಿ ದಾಟಿದೆವು. ರೆಕಾರ್ಡರನ್ನು ನಾನು ತಲೆಯ ಮೇಲೆ ಹಿಡಿದುಕೊಂಡಿದ್ದೆ. ಸ್ವಲ್ಪ ತಡವಾಗಿದ್ದರೆ ದಾಟುವ ಮಾತೇ ಇರಲಿಲ್ಲ. ಆಮೇಲೆ ಗೊತ್ತಾಯಿತು ಆದ ಎಡವಟ್ಟು. ಮುಂಬಯಿ ಬಂದರಿನಲ್ಲಿ ನೀರು ಏರಿದ ಸ್ವಲ್ಪ ಹೊತ್ತಿನ ಮೇಲೆ ಖಾಡಿಯ ಒಳಗೆ ಏರುತ್ತದೆ. ಆ ವ್ಯತ್ಯಾಸವನ್ನು ಸಾಕ್ಷಿ ಮನೆಯಲ್ಲೇ ಬಂದರಿನ ವೇಳೆಗೆ ಕೂಡಿಸಿ ತಂದಿದ್ದಳು. ಅದು ತಿಳಿಯದ ಮೇಡಂ ಇನ್ನೊಮ್ಮೆ ಕೂಡಿಸಿದ್ದರು. ಹಾಗಾಗಿ ನೀರು ನಾವು ಎಣಿಸಿದ್ದಕ್ಕಿಂತ ಮೊದಲೇ ಬಂದಿತ್ತು.

ಮನೆಯಲ್ಲಿ ಈ ಯಾವುದನ್ನೂ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ಬಿ.ಕಾಂ. ರೆಕಾರ್ಡಿಂಗನ್ನು ಎಷ್ಟು ಸಲ ಕೇಳಿದರೂ ಅದರಲ್ಲಿ ಸೀಗಡಿಗಳ ಸದ್ದು ಮಾತ್ರ ಇತ್ತು, ಬಡಿತ ಇರಲಿಲ್ಲ. ಕೆಲವು ದಿನಗಳ ನಂತರ, ಊಟದ ಗಿರಾಕಿಗಳು ಕರಗಿದ ಮೇಲೆ ಹೋಟೆಲಿಗೆ ಹೋಗಿ ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿದೆ.

"ಇದೆಂಥದು, ಒಗ್ಗರಣೆ ಹಾಕಿದ ಹಾಗೆ ಉಂಟಲ್ಲ!" ಎಂದು ಅಪ್ಪ ನಕ್ಕರು. ನಂತರ ಕಣ್ಣು ಮುಚ್ಚಿಕೊಂಡರು. ಗಲ್ಲೆಯ ಮೇಜಿನ ಮೇಲಿದ್ದ ಅವರ ಬೆರಳುಗಳು ಬಡಿಯತೊಡಗಿದವು. ಟಕ್, ಟಕ್, ಟಕಟಕಟಕ್.

"ಅಪ್ಪಾ, ಅದೆಂಥ ಬಡಿತ?" ಎಂದೆ.

ಅಪ್ಪ ತಮ್ಮ ಕೈಯನ್ನೇ ನೋಡಿಕೊಂಡರು. "ಅಜ್ಜ ಹುಟ್ಟಿನ ಹಿಡಿಯಿಂದ ದೋಣಿಗೆ ಹೀಗೆ ಬಡೀತಿದ್ರು ಮಗಾ. ನೀರು ಬರ್ತಾ ಉಂಟು, ಬಲೆ ಎಳ್ಕೊಂಡು ದಡಕ್ಕೆ ಹೊರಡಿ ಅಂತ. ಇವತ್ತು ಯಾಕೆ ಕೈಗೆ ಬಂತೋ, ದೇವರೇ ಬಲ್ಲ."

ಯಂತ್ರಕ್ಕೆ ಕೇಳದ್ದು ನನಗೆ ಹೇಗೆ ಕೇಳಿತು, ಅಪ್ಪನ ಬೆರಳಿಗೆ ಹೇಗೆ ತಿಳಿಯಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ಅಪ್ಪ ಬಿ.ಕಾಂ. ಮಾತೆತ್ತಲಿಲ್ಲ. ಕಣ್ಣೊರೆಸಿಕೊಂಡು, ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, "ಇನ್ನೊಂದು ಸಲ ಹಾಕು" ಎಂದರು.