ದುಂಡು ಕಿಂಡಿಯ ಲಕೋಟೆ

ಗ್ರಾಮಫೋನ್ ಪ್ಲೇಟು ಹಾಕಿಡುವ ಕಾಗದದ ಲಕೋಟೆಗೆ ನಡುವೆ ಒಂದು ದುಂಡು ಕಿಂಡಿ ಯಾಕಿರುತ್ತದೆ? ಪ್ಲೇಟಿನ ಮೇಲೆ ಅಂಟಿಸಿದ ಹೆಸರು ಓದಲಿಕ್ಕೆ. ಮಧುಗಿರಿಯ ನಮ್ಮ ಮನೆಯಲ್ಲಿ ಮಾತ್ರ ಅದು ಪೂಜೆ ಮಾಡಲಿಕ್ಕೆ ಎಂದಾಗಿತ್ತು. ನಗುವುದಾದರೆ ನಗಿ, ಪೂರ್ತಿ ಕೇಳಿಸಿಕೊಂಡು ನಗಿ.

ನನ್ನ ಚಿಕ್ಕಮ್ಮ ಹಾಡುಗಾತಿ. ಗ್ರಾಮಫೋನ್ ಕಂಪನಿಯವರು ಬೆಂಗಳೂರಿಗೆ ಕರೆಸಿಕೊಂಡು ಅವಳ ಹಾಡನ್ನು ಪ್ಲೇಟಿಗೆ ಹಿಡಿದಿದ್ದರಂತೆ. ಆ ಪ್ಲೇಟು ಅಂಗಡಿಗೆ ಬರುವ ಹೊತ್ತಿಗೆ ಅವಳು ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದಳು. ಚಿಕ್ಕಪ್ಪ ಒಂದನ್ನು ಕೊಂಡು, ಅಂಗಡಿಯ ಕಟ್ಟನ್ನೂ ಬಿಚ್ಚದೆ ನನ್ನ ಅಜ್ಜಿಗೆ, ಅಂದರೆ ಅವಳ ತಾಯಿಗೆ, ಕಳಿಸಿಕೊಟ್ಟ. ನಾನಾಗ ತೊಟ್ಟಿಲ ಕೂಸು.

ಮಣ್ಣಿನ ಬಣ್ಣದ ದಪ್ಪ ಕಾಗದ. ಅಂಚಿಗೆಲ್ಲ ಬಳ್ಳಿ, ಮೇಲೆ ವೀಣೆ ಹಿಡಿದು ಕೂತ ಹೆಂಗಸಿನ ಚಿತ್ರ, ಕೆಳಗೆ ಪ್ಲೇಟು ನುಡಿಸಲು ಪ್ರತಿ ಸಲವೂ ಹೊಸ ಮುಳ್ಳು ಬಳಸಿರೆಂಬ ಬುದ್ಧಿಮಾತು. ನಮ್ಮಲ್ಲಿ ಮುಳ್ಳೂ ಇಲ್ಲ, ಮಿಷನ್ನೂ ಇಲ್ಲ! ಓದು ಬಾರದ ಅಜ್ಜಿ ಆ ಹೆಂಗಸೇ ತನ್ನ ಮಗಳೆಂದು ನಂಬಿದಳು. ಲಕೋಟೆಯನ್ನು ದೇವರ ಗೂಡಿನಲ್ಲಿಟ್ಟು, ಸೋಮವಾರ ಸೋಮವಾರ ಕಿಂಡಿಯೊಳಗೆ ಬೆರಳು ತೂರಿಸಿ ವಿಭೂತಿ ಬಳಿದಳು. ಯಾರೂ ಓದುವ ಮೊದಲೇ ಹೆಸರು ಮುಚ್ಚಿಹೋಯಿತು. ನಾನು ಅಕ್ಷರ ಕಲಿತ ಮೇಲೆ ಒರೆಸಿ ನೋಡಲು ಹೋದರೆ ಕೈಮೇಲೆ ಬಾರಿಸಿದಳು.

"ಮುಟ್‌ಬ್ಯಾಡ ಕಣಮ್ಮ, ನಿಮ್ ಚಿಕ್ಕಮ್ಮ ಮಲ್ಗವ್ಳೆ."

ನನಗೋ ಆ ದನಿ ಕೇಳುವ ಹುಚ್ಚು. ಮುಖ ಕಂಡ ನೆನಪಂತೂ ಇಲ್ಲ, ದನಿಯಾದರೂ ಬೇಡವೇ? ಲಕೋಟೆಗೆ ಕಿವಿಯಿಟ್ಟು ಕೂತದ್ದೂ ಉಂಟು. ಕಾಗದದ ಪರಪರ ಬಿಟ್ಟು ಇನ್ನೇನೂ ಕೇಳುತ್ತಿರಲಿಲ್ಲ. ಅಜ್ಜಿಗೆ ನನಗಿಂತ ಹೆಚ್ಚು ಆಸೆ. ಸಾಯುವುದರೊಳಗೆ ಒಂದು ಸಲ ಮಗಳ ದನಿ ಕೇಳಬೇಕೆಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಕೊನೆಗೆ ಅಪ್ಪ ಶಿರಾದ ಅತ್ತರಿನ ಸಾಹೇಬರನ್ನು ಅವರ ಗ್ರಾಮಫೋನ್ ಸಮೇತ ಕರೆತಂದರು. ಸಾಹೇಬರು ಮೊದಲು ತಮ್ಮ ಪ್ಲೇಟುಗಳನ್ನು ಜಗಲಿಯ ಮೇಲೆ ಹರಡಿದರು. ಅಯ್ಯೋ ಶಿವನೇ! ಎಲ್ಲ ಲಕೋಟೆಯ ಮೇಲೂ ಅದೇ ಬಳ್ಳಿ, ಅದೇ ವೀಣೆ, ಅದೇ ಹೆಂಗಸು. ಅಜ್ಜಿ ಒಂದೊಂದನ್ನೇ ಎತ್ತಿ ನೋಡಿದಳು.

"ಏನ್ ಸಾಹೇಬ್ರೆ, ನನ್ ಮಗಳು ಇಷ್ಟೊಂದು ಹಾಡವ್ಳಾ?"

"ಅದು ಕಂಪ್ನಿ ಗೊಂಬೆ ಅಮ್ಮಾ. ಎಲ್ಲಾದಕ್ಕೂ ಅದೇ ಛಾಪಾ," ಎಂದರು ಸಾಹೇಬರು.

ಅಜ್ಜಿ ತನ್ನ ಲಕೋಟೆ ಕೊಟ್ಟಳು. ಸಾಹೇಬರು ಪ್ಲೇಟು ಹೊರತೆಗೆದು, ಕೀ ಕೊಟ್ಟು ಮುಳ್ಳು ಇಟ್ಟರು. ಕರಕರ ಸದ್ದಾಗಿ, ಆಮೇಲೆ ಗಂಡಸಿನ ದನಿ ಬಂತು. ಒಂದೇ ಥರದ ಲಕೋಟೆಗಳ ನಡುವೆ ಅಂಗಡಿಯವನು ಬೇರೆ ಯಾರದೋ ಪ್ಲೇಟು ಕಟ್ಟಿಕೊಟ್ಟಿದ್ದ. ಅವನ ಕೈ ಸೇದಿಹೋಗ!

ಹಾಡು ಮುಗಿಯಿತು. ಅಜ್ಜಿ ಮೆಲ್ಲಗೆ, "ಆ ಮಗ್ಗುಲು ತಿರುಗ್ಸಿ ಸಾಹೇಬ್ರೆ. ನನ್ ಮಗಳು ಅಲ್ಲಿದ್ರೂ ಇರ್ಬೌದು," ಅಂದಳು.

ತಿರುಗಿಸಿದರು. ಅಲ್ಲೂ ಅವನೇ. ಅಜ್ಜಿ ಅದನ್ನೂ ಪೂರ್ತಿ ಕೇಳಿ, "ಇವ್ನಿಗಿಂತ ನಿಮ್ ಚಿಕ್ಕಮ್ಮ ಚಂದಾಗಿ ಹಾಡೋಳು ಕಣಮ್ಮ," ಅಂದಳು.

"ಹೆಂಗಜ್ಜಿ ಹಾಡೋಳು?" ಎಂದೆ.

ಅಜ್ಜಿ ಹಾಡಿ ತೋರಿಸಲು ಬಾಯಿ ತೆರೆದಳು. ಮುಚ್ಚಿ, ಮತ್ತೆ ತೆರೆದು, "ಗ್ಯಾಪ್ಕಕ್ಕೇ ಬತ್ತಿಲ್ವಲ್ಲೇ," ಅಂದಳು.