ದೊಡ್ಡ ಬಿಟ್‌ಗೆ ಮನೆ ಸಿಕ್ಕಿದ್ದು

ನಿಮ್ಮ ಮನೆಯಲ್ಲಿ ಗೋಡೆಗೆ ಒಂದು ತೂತು ಕೊರೆಯಲು ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಕೊರೆಯುವ ಕೆಲಸ ಒಂದು ಲೋಟ ಚಹಾ ಆರುವುದರೊಳಗೆ ಮುಗಿಯುತ್ತದೆ. ಡ್ರಿಲ್ ಮಿಷನ್ನಿನ ಮೂತಿಗೆ ಸಿಕ್ಕಿಸಲು ತಕ್ಕ ಬಿಟ್ ಹುಡುಕುವುದಕ್ಕೆ ಮಾತ್ರ ಒಂದು ಭಾನುವಾರ ಬೇಕು.

ಚನ್ನಗಿರಿಯ ನಮ್ಮ ಮನೆಯಲ್ಲಿ, ಮೆಟ್ಟಿಲ ಕೆಳಗೆ ಮೈ ಮಡಚಿ ಕೂತರೆ ಒಬ್ಬ ಹಿಡಿಯುವಷ್ಟು ಜಾಗದಲ್ಲಿ ನನ್ನ ವರ್ಕ್‌ಶಾಪ್ ಇದೆ. ಹೆಂಡತಿ ಗಿರಿಜಾ ಅದನ್ನು ಫ್ಯಾಕ್ಟರಿ ಎನ್ನುತ್ತಾಳೆ. ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆ, “ಫ್ಯಾಕ್ಟರಿಯಾಗೆ ಅದಾರೆ. ಮಾಲು ಮಾತ್ರ ಇನ್ನೂ ಹೊರಗೆ ಬಂದಿಲ್ಲ” ಎಂದು ದಾರಿ ತೋರಿಸುತ್ತಾಳೆ.

ನನ್ನ ಬಿಟ್‌ಗಳು ಬಹಳ ಕಾಲ ಒಂದು ಉಪ್ಪಿನಕಾಯಿ ಬಾಟಲಿಯಲ್ಲಿದ್ದವು. ಗೋಡೆಯವು, ಮರದವು, ಕಬ್ಬಿಣದವು, ಎಲ್ಲ ಒಂದೇ ಸಂಸಾರ. ಒಂದು ಬೇಕಾದರೂ ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಸುರುವಬೇಕು. ಸುರುವಿದ ಮೇಲೆ ಪೇಪರು ಓದುತ್ತಾ ಕೂರುತ್ತೇನೆ. ಬಿಟ್‌ನ ಅಳತೆಯನ್ನು ಅದರ ಬುಡದಲ್ಲೇ ಕೊರೆದಿರುತ್ತಾರೆ ನಿಜ, ಆದರೆ ಅದನ್ನು ಕೊರೆದವನಿಗೂ ಎರಡನೇ ಸಲ ಓದಲಾಗಿರಲಿಕ್ಕಿಲ್ಲ.

ಇನ್ನು ನೆನಪಿನ ಮಾತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ದಿನಾ ಡೈರಿ ಬರೆಯುವವನು. ಆದ್ದರಿಂದಲೇ ನೆನಪನ್ನು ನಂಬುವುದಿಲ್ಲ. ಯಾವುದನ್ನು ಎಲ್ಲಿಟ್ಟೆ ಎಂಬುದು ಮರೆತರೆ ಮನುಷ್ಯ ಎಲ್ಲ ಕಡೆ ಹುಡುಕುತ್ತಾನೆ; ಒಂದಲ್ಲ ಒಂದು ಕಡೆ ಸಿಗುತ್ತದೆ. ಚೆನ್ನಾಗಿ ನೆನಪಿರುವವನು ಅದು ಇಲ್ಲದ ಜಾಗದಲ್ಲೇ ಮತ್ತೆ ಮತ್ತೆ ಹುಡುಕುತ್ತಾನೆ. ಹಾಗಾದರೆ ಡೈರಿಯನ್ನು ನಂಬಬಹುದೇ ಎಂದರೆ, ಅದನ್ನು ಬರೆಯುವವನೂ ನಾನೇ.

ಕೊನೆಗೆ ಒಂದು ದಿನ ನಿಶ್ಚಯ ಮಾಡಿದೆ. ಒಂದು ಒಳ್ಳೆಯ ಹಲಗೆಗೆ ಸಾಲಾಗಿ ತೂತು ಹಾಕಿ, ಒಂದೊಂದರಲ್ಲಿ ಒಂದೊಂದು ಬಿಟ್ ನಿಲ್ಲಿಸುವುದು. “ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು” ಎಂದ ನಮ್ಮ ಹಿರಿಯರಿಗೆ ತೂತಿನ ಮೇಲೆ ಅಷ್ಟು ಗೌರವವಿರಲಿಲ್ಲ. ಆದರೆ ನಮ್ಮ ಸೂಳೆಕೆರೆಯನ್ನೇ ನೋಡಿ. ನೋಡಲು ಹೋದವರೆಲ್ಲ ಏರಿಯ ಮೇಲೆ ನಿಂತು ಕೆರೆ ಕಟ್ಟಿದವರನ್ನು ಹೊಗಳುತ್ತಾರೆ. ಕೆಳಗಿನ ಗದ್ದೆಗಳಿಗೆ ಅನ್ನ ಹಾಕುತ್ತಿರುವುದು ಏರಿಯಲ್ಲಿ ತಕ್ಕ ಜಾಗ ನೋಡಿ ಬಿಟ್ಟ ತೂಬು. ಅದೂ ಒಂದು ತೂತೇ. ಈ ವಿಚಾರ ಹೊಳೆದ ಸಂತೋಷದಲ್ಲಿ ನಾನು ಕೈಗೆ ಸಿಕ್ಕ ಹಲಗೆಯನ್ನು ಕೊರೆಯತೊಡಗಿದೆ.

ಕೊರೆದಾಗ ತಿಳಿಯಿತು: ಬಿಟ್ ತಾನು ಕೊರೆದ ತೂತಿನಲ್ಲಿ ತಾನು ವಾಸಿಸಲಾರದು. ಬಿಗಿಯಾಗುತ್ತದೆ. ಸಲೀಸಾಗಿ ಇಟ್ಟು ತೆಗೆಯಬೇಕಾದರೆ ಅದರ ಮನೆಯನ್ನು ಅದಕ್ಕಿಂತ ಒಂದು ಅಳತೆ ದೊಡ್ಡದು ಕೊರೆಯಬೇಕು. ತಮ್ಮನಿಗೆ ಅಣ್ಣ ಮನೆ ಕಟ್ಟಿದ, ಆ ಅಣ್ಣನಿಗೆ ಅವನ ಅಣ್ಣ. ಹೀಗೆ ಸಾಗಿ ಎಲ್ಲರಿಗಿಂತ ದೊಡ್ಡವನ ಹತ್ತಿರ ಬಂದು ನಿಂತೆ. ಅವನಿಗೆ ಅಣ್ಣನಿರಲಿಲ್ಲ. ಎಲ್ಲ ಕುಟುಂಬಗಳ ಹಿರಿಯ ಮಗನ ಕಥೆಯೂ ಇಷ್ಟೇ ಎಂದು ಮರುಗಿ, ಅವನದೇ ತೂತಿಗೆ ಅವನನ್ನು ತಲೆಕೆಳಗಾಗಿ ತುರುಕಿ, ಮೇಲಿಂದ ಒಂದು ಸುತ್ತಿಗೆ ಪೆಟ್ಟು ಕೊಟ್ಟೆ. ಕೂತ. ಆಮೇಲೆ ಏಳಲಿಲ್ಲ.

ಇಕ್ಕಳ ಹಿಡಿದು ಎಳೆಯುತ್ತಿದ್ದಾಗ ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಬಾಷಾಸಾಬ್ರು ಇಣುಕಿದರು. “ಏನ್ ಸಾರ್, ಬಿಟ್‌ಗಳಿಗೆ ಹಾಸ್ಟೆಲ್ ಕಟ್ಟೀರೇನು? ದೊಡ್ಡೋನು ರೂಮ್ ಬಿಡಾಕೆ ಒಲ್ಲೆ ಅಂತಾನೆ!”

ಅವರ ನಗು ಕೇಳಿ ಗಿರಿಜಾ ಬಂದಳು. ಹಲಗೆ ನೋಡಿದಳು. ನಗಲಿಲ್ಲ.

“ರೀ, ಇದು ಅಡಿಗೆಮನ್ಯಾಗೆ ಡಬ್ಬಿ ಇಡಾಕೆ ತಂದ ಹಲಗೆ ಅಲ್ಲೇನ್ರಿ?”

ಅಲ್ಲ, ಹಳೆಯ ಮಂಚದ್ದು ಎಂದೆ. ಹಾಗೇ ನೆನಪಿತ್ತು.

“ಮಂಚದ್ದಂತೆ! ಸವಳಂಗದಿಂದ ಬಸ್ಸಿನಾಗೆ ತೊಡಿ ಮ್ಯಾಲೆ ಇಟ್ಕಂಡು ತಂದೋಳು ನಾನು. ನೀವು ಕಿಟಕಿ ಪಕ್ಕ ಕುಂತು ನಿದ್ದಿ ಹೊಡೀತಿದ್ರಿ.”

ಡೈರಿ ತೆಗೆದು ನೋಡಿದೆ. ‘ಸವಳಂಗಕ್ಕೆ ಹೋಗಿ ಬಂದೆವು. ಒಳ್ಳೆ ನಿದ್ದೆ’ ಎಂದಷ್ಟೇ ಇತ್ತು.

ಹಲಗೆ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಗಿರಿಜಾ ನಿಂತಲ್ಲೇ ಕಣ್ಣು ತುಂಬಿಕೊಂಡು ಹೇಳಿದಳು: ಹೊನ್ನಾಳಿಯ ಅಕ್ಕನಿಗೆ ಫೋನಿನಲ್ಲಿ, “ನಮ್ಮನೆಯವರೇ ಮಿಷನ್ ಹಿಡ್ಕಂಡು ಅಡಿಗೆಮನ್ಯಾಗೆ ಹಲಗೆ ಕೂರಿಸಿದಾರೆ, ಬಾ ನೋಡಾಕೆ” ಎಂದುಬಿಟ್ಟಿದ್ದಾಳೆ. ಅಕ್ಕ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ. ಹಿಂದುಗಡೆ ಫ್ಯಾಕ್ಟರಿ ಎಂದು ಹಂಗಿಸುವವಳು ಅಕ್ಕನ ಮುಂದೆ ನನ್ನನ್ನು ಇಷ್ಟು ಎತ್ತರಕ್ಕೆ ಏರಿಸಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಈಗ ಅವಳ ಮಾತು ಉಳಿಯಬೇಕಿತ್ತು. ತೂತು ಬಿದ್ದ ಹಲಗೆಯನ್ನು ಅಡ್ಡ ಕೂರಿಸಿದರೆ ಸಾಸಿವೆ ಡಬ್ಬಿ ನಿಲ್ಲುತ್ತದೆ, ಆದರೆ ಅಕ್ಕನ ಪ್ರಶ್ನೆ ನಿಲ್ಲುವುದಿಲ್ಲ.

ಗಿರಿಜಾ ಹಲಗೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಒಳಗೆ ಹೋಗಿ ಪೂರಿ ಕರಿಯುವ ಜಾಲರಿ ಸೌಟು ತಂದಳು. ಅದರ ಹಿಡಿಯ ಕಣ್ಣನ್ನು, ಅಲುಗಾಡದೆ ಮುಂದಕ್ಕೆ ಚಾಚಿ ನಿಂತಿದ್ದ ನಮ್ಮ ಹಿರಿಯಣ್ಣನಿಗೆ ತಗುಲಿಸಿದಳು. ಗೂಟ ಹೊಡೆದಂತೆ ನಿಂತಿತು.

“ಉಳಿದವಕ್ಕೂ ಹಿಂಗೇ ಗೂಟ ಹೊಡೀರಿ. ನಾನು ಹಲಗೆ ಅಂತ ಹೇಳೀನಿ, ಏನಿಡಾಕೆ ಅಂತ ಹೇಳಿಲ್ಲ.”

ಬಾಷಾಸಾಬ್ರು ಹಲಗೆ ಹಿಡಿದರು, ನಾನು ಗೋಡೆ ಕೊರೆದೆ. ವಿಚಿತ್ರವೆಂದರೆ, ಆ ದಿನ ಬೇಕಾದ ಬಿಟ್ ಹುಡುಕದೆಯೇ ಸಿಕ್ಕಿತು, ಸಾಲಿನಲ್ಲಿತ್ತಲ್ಲ! ಅದನ್ನೂ ಅದರ ಅಣ್ಣತಮ್ಮಂದಿರನ್ನೂ ಕಿತ್ತು ಮತ್ತೆ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಖಾಲಿ ತೂತುಗಳಿಗೆ ಬಿದಿರಿನ ಗೂಟ ಹೊಡೆದೆ.

ಮರುದಿನ ಅಕ್ಕ ಸೌಟುಗಳ ಸಾಲು ನೋಡಿ ಬೆರಗಾದಳು. ಒಂದು ಗೂಟ ಮಾತ್ರ ಕಬ್ಬಿಣದ್ದು ಯಾಕೆ ಎಂದಳು.

“ಜಾಲರಿ ಭಾರ ಐತಲ್ಲಕ್ಕ, ಅದಕ್ಕೆ ಅಂತಲೇ ಹಾಕ್ಸೀನಿ,” ಎಂದಳು ಗಿರಿಜಾ. ಎಷ್ಟು ಸಹಜವಾಗಿ ಎಂದರೆ, ಮೊದಲಿನಿಂದಲೂ ನಮ್ಮ ಲೆಕ್ಕಾಚಾರ ಅದೇ ಇತ್ತೆಂದು ಈಗೀಗ ನನಗೂ ನೆನಪಾಗತೊಡಗಿದೆ. ಡೈರಿಯಲ್ಲಿ ಹಾಗೇ ಬರೆದಿದ್ದೇನೆ.

ಮೊನ್ನೆ ಬಾಷಾಸಾಬ್ರು ಬಂದು, “ನೀರಿನ ಪೈಪ್ ಹಾಕಾಕೆ ಬಾಗಿಲ ಚೌಕಟ್ಟು ಕೊರೀಬೇಕು ಸಾರ್, ನಿಮ್ಮ ದೊಡ್ಡ ಬಿಟ್ ಎಲ್ಲೈತೆ?” ಎಂದರು. ಬಾಟಲಿ ಸುರುವಲಿಲ್ಲ, ಪೇಪರು ಹಾಸಲಿಲ್ಲ. ಥಟ್ಟನೆ ಅಡಿಗೆಮನೆಯ ಕಡೆ ಕೈ ತೋರಿಸಿದೆ. ಬಾಗಿಲಲ್ಲಿ ಗಿರಿಜಾ ನಿಂತಿದ್ದಳು.

ಬಾಷಾಸಾಬ್ರು ಒಮ್ಮೆ ಜಾಲರಿ ನೋಡಿದರು, ಒಮ್ಮೆ ಅವಳನ್ನು ನೋಡಿದರು. “ಬ್ಯಾಡ ಬಿಡ್ರಿ ಸಾರ್, ಪೈಪನ್ನ ಮನೆ ಸುತ್ತಾಕ್ಕೊಂಡೇ ತರ್ತೀನಿ,” ಎಂದು ಹೊರಟರು.